ಬೀಗ ಕಾಯುವವರು: ಮುಕ್ತ ಗೂಢಲಿಪಿ ತಂತ್ರಾಂಶದ ಮೂರು ದಶಕ



ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದ ಬಳಿ ಸಮೀರವಾಡಿ ಎಂಬ ಊರಿದೆ. ಅಲ್ಲಿನ ಸಕ್ಕರೆ ಕಾರ್ಖಾನೆಯಿಂದಾಗಿ ಮುಧೋಳ, ಜಮಖಂಡಿ, ಬೀಳಗಿ, ರಬಕವಿ–ಬನಹಟ್ಟಿ ಕಡೆಯವರಿಗೆಲ್ಲ ಅದು ಪರಿಚಿತ ಹೆಸರು. ಹಂಗಾಮು ಶುರುವಾಯಿತೆಂದರೆ ಈ ಸೀಮೆಯ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲೇ ಸಾಲು. ಕಾರ್ಖಾನೆ ಯಾವುದೇ ಇರಲಿ, ಕಬ್ಬಿನ ಗಾಡಿ ಒಳಗೆ ಹೋಗಿ ಮೊದಲು ನಿಲ್ಲುವುದು ತೂಕದ ಕಾಟಾದ ಮೇಲೆ. ಹೇರು ಸಮೇತ ಒಮ್ಮೆ ತೂಕ, ಇಳಿಸಿ ಬಂದ ಮೇಲೆ ಖಾಲಿ ಗಾಡಿಯ ತೂಕ. ಎರಡರ ನಡುವಿನ ವ್ಯತ್ಯಾಸವೇ ರೈತನ ವರ್ಷದ ದುಡಿಮೆ. ಅದು ಒಂದು ಚೀಟಿಯ ಮೇಲೆ ಅಚ್ಚಾಗಿ ಕೈಗೆ ಬರುತ್ತದೆ.

ಆ ಚೀಟಿಯನ್ನು ರೈತ ಏಕೆ ನಂಬುತ್ತಾನೆ? ಕಾಟಾ ಗುಟ್ಟಿನ ವಸ್ತುವಲ್ಲ ಎಂಬುದೇ ಅದಕ್ಕೆ ಕಾರಣ. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿದ ವಿಷಯ. ಮಾಪನ ಇಲಾಖೆಯವರು ಬಂದು ಪರೀಕ್ಷಿಸಿ ಮುದ್ರೆ ಹಾಕುತ್ತಾರೆ. ಸಂಶಯ ಬಂದರೆ ಬೇರೊಂದು ಕಾಟಾದಲ್ಲಿ ತೂಗಿ ನೋಡಬಹುದು. ಅಳತೆಯ ಸಾಧನ ಎಲ್ಲರ ಪರೀಕ್ಷೆಗೆ ತೆರೆದಿರಬೇಕು, ಆಗಲೇ ನಂಬಿಕೆ.

ಮುಂದಿನ ಹೆಜ್ಜೆಯನ್ನು ನೋಡಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಅದರ ಹಣ ಪಾವತಿಯಾಗಬೇಕು. ಈ ಹಣ ಇಂದು ಬ್ಯಾಂಕಿನ ಖಾತೆಗೆ ಬರುತ್ತದೆ. ರೈತನ ಮಗಳು ಮೊಬೈಲಿನಲ್ಲಿ ಖಾತೆ ತೆರೆದು ಹಣ ಜಮೆಯಾಗಿದೆಯೇ ಎಂದು ನೋಡುತ್ತಾಳೆ. ಆಕೆಯ ಗುಪ್ತಪದ ಮೊಬೈಲಿನಿಂದ ಹೊರಟು, ಗೋಪುರಗಳನ್ನೂ ತಂತಿಗಳನ್ನೂ ದಾಟಿ, ಎಲ್ಲೋ ದೂರದ ಗಣಕಯಂತ್ರವನ್ನು ಮುಟ್ಟಿ ಬರುತ್ತದೆ. ದಾರಿಯಲ್ಲಿ ಯಾರೂ ಅದನ್ನು ಓದದಂತೆ ನೋಡಿಕೊಳ್ಳುವುದು ಗೂಢಲಿಪಿ. ಜಾಲತಾಣದ ವಿಳಾಸದ ಮುಂದೆ ಎಚ್‌ಟಿಟಿಪಿಎಸ್ ಎಂಬ ಅಕ್ಷರಗಳನ್ನು ನೀವು ಕಂಡಿರಬಹುದು. ಬಹಳ ವರ್ಷ ಅದರ ಪಕ್ಕದಲ್ಲಿ ಒಂದು ಪುಟ್ಟ ಬೀಗದ ಚಿತ್ರವೂ ಇರುತ್ತಿತ್ತು. ಕೆಲವು ಬ್ರೌಸರುಗಳಲ್ಲಿ ಈಗ ಅದಿಲ್ಲ. ಚಿತ್ರ ಹೋದರೂ ಬೀಗ ಹೋಗಿಲ್ಲ.

ಈ ಬೀಗವನ್ನು ಮಾಡಿದವರು ಯಾರು? ಅದು ಕೆಟ್ಟರೆ ರಿಪೇರಿ ಮಾಡುವವರು ಯಾರು? ಅವರಿಗೆ ಕೂಲಿ ಕೊಡುವವರು ಯಾರು? ಈ ಮೂರು ಪ್ರಶ್ನೆಗಳ ಹಿಂದೆ ಮೂವತ್ತು ವರ್ಷಗಳ ಇತಿಹಾಸವಿದೆ. ಅದನ್ನೇ ಇಲ್ಲಿ ನೋಡೋಣ.

ಗುಟ್ಟು ಎಲ್ಲಿರಬೇಕು?

ಗುಟ್ಟಾಗಿ ಬರೆಯುವ ಕಲೆ ಬಹಳ ಹಳೆಯದು. ವಾತ್ಸ್ಯಾಯನನು ಹೇಳುವ 64 ಕಲೆಗಳ ಪಟ್ಟಿಯಲ್ಲಿ ಮ್ಲೇಚ್ಛಿತ ವಿಕಲ್ಪ ಎಂಬ ಸಂಕೇತ ಬರಹದ ಕಲೆಯೂ ಸೇರಿದೆ. ಹಿಂದಿನ ಕಾಲದವರು ವಿಧಾನವನ್ನೇ ಬಚ್ಚಿಡುತ್ತಿದ್ದರು. ವಿಧಾನ ಬಯಲಾದರೆ ಎಲ್ಲವೂ ಬಯಲು.

1883ರಲ್ಲಿ ಒಂದು ಹೊಸ ಮಾತು ಕೇಳಿಬಂತು. ಹಾಲೆಂಡಿನಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ಪಾಠ ಹೇಳುತ್ತಿದ್ದ ಆಗಸ್ಟ್ ಕರ್ಕಾಫ್ಸ್ ಎಂಬ ವಿದ್ವಾಂಸರು ಸೈನ್ಯದ ಗೂಢಲಿಪಿಯನ್ನು ಕುರಿತು ಒಂದು ಪ್ರಬಂಧ ಪ್ರಕಟಿಸಿದರು. ಬೀಗದ ವಿನ್ಯಾಸ ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗಬಾರದು, ಗುಟ್ಟು ಬೀಗದಕೈಯಲ್ಲಿ ಮಾತ್ರ ಇರಬೇಕು ಎಂಬುದು ಅವರ ವಾದದ ಸಾರ. ಇಂದಿನ ಗೂಢಲಿಪಿಶಾಸ್ತ್ರವೆಲ್ಲ ಈ ತತ್ತ್ವದ ಮೇಲೆ ನಿಂತಿದೆ. ಬೀಗದ ನಕ್ಷೆಯನ್ನು ಊರಿಗೆಲ್ಲ ಹಂಚಿ, ತೆರೆಯುವ ಕೈಯನ್ನು ಮಾತ್ರ ಮನೆಯೊಳಗಿಡಿ.

1976ರಲ್ಲಿ ಅಮೆರಿಕದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮೊದಲೇ ಭೇಟಿಯಾಗಿ ಗುಟ್ಟು ಹಂಚಿಕೊಳ್ಳದ ಇಬ್ಬರು, ಎಲ್ಲರೂ ಕೇಳುತ್ತಿರುವಾಗಲೇ ಮಾತನಾಡಿ, ತಮ್ಮಿಬ್ಬರಿಗೆ ಮಾತ್ರ ತಿಳಿದ ಕೀಲಿಯೊಂದನ್ನು ಗೊತ್ತುಮಾಡಿಕೊಳ್ಳಬಹುದೆಂದು ತೋರಿಸಿದರು. ಮರುವರ್ಷ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಆರ್‌ಎಸ್‌ಎ ವಿಧಾನವನ್ನು ರೂಪಿಸಿದರು. ಇದರ ತಳಹದಿ ನಿಮಗೆ ಗೊತ್ತಿರುವ ಗಣಿತವೇ. 61 ಮತ್ತು 53 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿದರೆ 3233 ಬರುತ್ತದೆ. ಗುಣಿಸುವುದು ಸುಲಭ. ಆದರೆ 3233ನ್ನು ಮಾತ್ರ ಕೊಟ್ಟು ಅದರ ಅಪವರ್ತನಗಳನ್ನು ಕೇಳಿದರೆ ನೀವು ಸ್ವಲ್ಪ ಹೊತ್ತು ಪರದಾಡುತ್ತೀರಿ. ಆ ಅವಿಭಾಜ್ಯಗಳು ನೂರಾರು ಅಂಕಿಗಳಷ್ಟು ಉದ್ದವಾಗಿದ್ದರೆ ಇಂದಿನ ಅತಿ ದೊಡ್ಡ ಗಣಕಯಂತ್ರವೂ ಸೋಲುತ್ತದೆ. ಒಂದು ಷರತ್ತಿದೆ. ಆ ಸಂಖ್ಯೆಗಳನ್ನು ಯಾರೂ ಊಹಿಸಲಾಗದಂತೆ ಆರಿಸಿರಬೇಕು. ಈ ಷರತ್ತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಪುಸ್ತಕವಾಗಿ ಗಡಿ ದಾಟಿದ ಕ್ರಮವಿಧಿ

ಗಣಿತ ಕಾಗದದ ಮೇಲಿದ್ದರೆ ಸಾಲದು. ಅದನ್ನು ಗಣಕಯಂತ್ರಕ್ಕೆ ತಿಳಿಯುವ ಕ್ರಮವಿಧಿಯಾಗಿ, ಅಂದರೆ ತಂತ್ರಾಂಶವಾಗಿ, ಯಾರಾದರೂ ಬರೆಯಬೇಕು. 1991ರಲ್ಲಿ ಅಮೆರಿಕದ ಫಿಲ್ ಝಿಮ್ಮರ್‌ಮನ್ ಪಿಜಿಪಿ ಎಂಬ ತಂತ್ರಾಂಶವನ್ನು ಬರೆದು ಜನಸಾಮಾನ್ಯರಿಗೆ ಉಚಿತವಾಗಿ ಹಂಚಿದರು. ಅಂದಿನ ಅಮೆರಿಕದ ಕಾನೂನು ಬಲವಾದ ಗೂಢಲಿಪಿಯನ್ನು ಮದ್ದುಗುಂಡುಗಳ ಜೊತೆಗೆ ಸೇರಿಸಿತ್ತು. ಅನುಮತಿಯಿಲ್ಲದೆ ಅದನ್ನು ಹೊರದೇಶಕ್ಕೆ ಕಳಿಸುವಂತಿರಲಿಲ್ಲ. ಝಿಮ್ಮರ್‌ಮನ್ ವಿರುದ್ಧ ತನಿಖೆ ನಡೆಯಿತು. 1995ರಲ್ಲಿ ಇಡೀ ಕ್ರಮವಿಧಿ ಅಚ್ಚಾದ ಪುಸ್ತಕವಾಗಿ ಹೊರಬಂತು. ತಂತ್ರಾಂಶಕ್ಕಿದ್ದ ತಡೆ ಪುಸ್ತಕಕ್ಕಿರಲಿಲ್ಲ! 1996ರ ಜನವರಿಯಲ್ಲಿ ಮೊಕದ್ದಮೆ ಹೂಡದೆಯೇ ತನಿಖೆಯನ್ನು ಕೈಬಿಡಲಾಯಿತು.

ಇದೇ ಕಾಲಕ್ಕೆ ಅಂತರಜಾಲದಲ್ಲಿ ವ್ಯಾಪಾರ ಚಿಗುರುತ್ತಿತ್ತು. ಜಾಲತಾಣಗಳಿಗೆ ಬೀಗ ಬೇಕಾಗಿತ್ತು. ಅಮೆರಿಕದ ಕಾನೂನಿನ ತೊಡಕಿಲ್ಲದ ಆಸ್ಟ್ರೇಲಿಯದಲ್ಲಿ ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್ ಎಂಬ ಇಬ್ಬರು 1995ರಲ್ಲಿ ಎಸ್‌ಎಸ್‌ಲೀ ಎಂಬ ತಂತ್ರಾಂಶ ಬರೆದು ಎಲ್ಲರಿಗೂ ತೆರೆದಿಟ್ಟರು. 1998ರಲ್ಲಿ ಅವರಿಬ್ಬರೂ ಬೇರೆ ಉದ್ಯೋಗಕ್ಕೆ ಹೋದಾಗ ಅದನ್ನು ಮುಂದುವರಿಸಲು ಕೆಲವು ಸ್ವಯಂಸೇವಕರು ಮುಂದೆ ಬಂದರು. ಅದೇ ವರ್ಷದ ಡಿಸೆಂಬರಿನಲ್ಲಿ ಅದಕ್ಕೆ ಓಪನ್ ಎಸ್‌ಎಸ್‌ಎಲ್ ಎಂಬ ಹೊಸ ಹೆಸರು ಬಂತು. ಪಿಜಿಪಿಗೆ ಬದಲಾಗಿ ಎಲ್ಲರೂ ಮುಕ್ತವಾಗಿ ಬಳಸಬಹುದಾದ ಗ್ನೂಪಿಜಿ ಎಂಬುದನ್ನು ಜರ್ಮನಿಯ ವೆರ್ನರ್ ಕೋಖ್ 1997ರಲ್ಲಿ ಬರೆಯತೊಡಗಿದರು.

ಇಂತಹವನ್ನು ಮುಕ್ತ ತಂತ್ರಾಂಶ ಎನ್ನುತ್ತಾರೆ. ಇದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದಬಹುದು, ಹಂಚಬಹುದು. ಗೂಢಲಿಪಿಗೆ ಇದು ಬಲು ಒಪ್ಪುವ ಪದ್ಧತಿ. ಕರ್ಕಾಫ್ಸ್ ಹೇಳಿದ ತೆರೆದ ನಕ್ಷೆಯೇ ಇದು. ಎಲ್ಲರೂ ಪರೀಕ್ಷಿಸಬಹುದಾದ ಕಾಟಾ ಇದು. ಎಷ್ಟೋ ಬ್ಯಾಂಕುಗಳು, ಸರ್ಕಾರಗಳು, ಕಂಪನಿಗಳು ಇಂತಹ ತಂತ್ರಾಂಶವನ್ನು ಎತ್ತಿಕೊಂಡು ತಮ್ಮ ಬಾಗಿಲಿಗೆ ಬೀಗವಾಗಿ ಹಾಕಿಕೊಂಡವು.

ಆದರೆ ಒಂದು ಮಾತನ್ನು ಬಹುಮಂದಿ ಮರೆತರು. ಎಲ್ಲರೂ ಪರೀಕ್ಷಿಸಬಹುದು ಎಂದಮಾತ್ರಕ್ಕೆ ಯಾರಾದರೂ ಪರೀಕ್ಷಿಸಿದ್ದಾರೆ ಎಂದು ಅರ್ಥವಲ್ಲ. ಇದನ್ನು ಜಗತ್ತು ಎರಡು ಪೆಟ್ಟು ತಿಂದು ಕಲಿಯಿತು.

ಅಳಿಸಿದ ಒಂದು ಸಾಲು

ಮೊದಲ ಪೆಟ್ಟು ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ ಬಿತ್ತು. ಡೆಬಿಯನ್ ಸ್ವಯಂಸೇವಕರು ಕಟ್ಟಿ ಕಾಪಾಡಿಕೊಂಡು ಬಂದಿರುವ ಹೆಸರಾಂತ ವ್ಯವಸ್ಥೆ. 2006ರಲ್ಲಿ ಅವರಲ್ಲೊಬ್ಬರು ದೋಷ ಹುಡುಕುವ ಉಪಕರಣದಿಂದ ಓಪನ್ ಎಸ್‌ಎಸ್‌ಎಲ್ ಅನ್ನು ಪರೀಕ್ಷಿಸಿದಾಗ ಕೆಲವು ಎಚ್ಚರಿಕೆಗಳು ಬಂದವು. ಆ ಎಚ್ಚರಿಕೆಗೆ ಕಾರಣವಾದ ಸಾಲುಗಳನ್ನು ತೆಗೆದರೆ ಸರಿಹೋಗುತ್ತದೆ ಎಂದು ಅವರಿಗೆ ತೋರಿತು. ತೆಗೆಯುವ ಮುನ್ನ ಮೂಲ ತಂತ್ರಾಂಶದವರನ್ನು ವಿಚಾರಿಸಿದ್ದರು ಕೂಡ. ಬೇಡವೆಂದು ಯಾರೂ ತಡೆಯಲಿಲ್ಲ. ಸಾಲು ಹೋಯಿತು, ಎಚ್ಚರಿಕೆಯೂ ನಿಂತಿತು.

ಆದರೆ ಊಹಿಸಲಾಗದ ಸಂಖ್ಯೆಗಳನ್ನು ಹುಟ್ಟಿಸಲು ಬೇಕಾದ ಕಚ್ಚಾ ಸಾಮಗ್ರಿ ಒಳಗೆ ಬರುತ್ತಿದ್ದುದು ಆ ಸಾಲಿನ ಮೂಲಕವೇ. ಅದು ಹೋದ ಮೇಲೆ ಉಳಿದದ್ದು ಗಣಕಯಂತ್ರ ತನ್ನ ಪ್ರತಿ ಕೆಲಸಕ್ಕೂ ಕೊಡುವ ಕ್ರಮಸಂಖ್ಯೆ ಮಾತ್ರ. ಅದರ ಮಿತಿ 32,768. ಎಣಿಸಲಾಗದಷ್ಟು ಬಗೆಯ ಕೀಲಿಗಳು ಬರಬೇಕಾಗಿದ್ದ ಕಡೆ, ಒಂದೊಂದು ಅಳತೆಗೆ ಸುಮಾರು ಮೂವತ್ತೆರಡು ಸಾವಿರ ಕೀಲಿಗಳು ಮಾತ್ರ ಬರತೊಡಗಿದವು. ಊರಿನ ಬೀಗದ ಅಂಗಡಿಯಲ್ಲಿ ಇರುವುದೇ ಇಷ್ಟು ಕೀಲಿ ಎಂದು ಗೊತ್ತಾದರೆ ಕಳ್ಳ ಅಷ್ಟನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಮನೆಮನೆಗೂ ಹೋಗಿ ತಿರುವಿ ನೋಡಬಹುದಲ್ಲವೆ?

ಅರ್ಜೆಂಟೀನಾದ ಲೂಸಿಯಾನೋ ಬೆಲ್ಲೊ ಎಂಬುವರು ಇದನ್ನು ಪತ್ತೆಹಚ್ಚಿದರು. 2008ರ ಮೇ 13ರಂದು ಡೆಬಿಯನ್ ತಂಡ ವಿಷಯವನ್ನು ಬಹಿರಂಗಪಡಿಸಿ ತಿದ್ದಿದ ಆವೃತ್ತಿಯನ್ನು ಕೊಟ್ಟಿತು. ಅಷ್ಟರಲ್ಲಿ ಸುಮಾರು ಎರಡು ವರ್ಷ ಕಳೆದಿತ್ತು. ತಂತ್ರಾಂಶವನ್ನು ಬದಲಿಸಿದರಷ್ಟೇ ಸಾಲಲಿಲ್ಲ. ಆ ಅವಧಿಯಲ್ಲಿ ಅದರಿಂದ ಮಾಡಿದ ಕೀಲಿಗಳನ್ನೆಲ್ಲ ಎಸೆದು ಹೊಸದು ಮಾಡಬೇಕಾಯಿತು.

ಇಲ್ಲಿ ದುರುದ್ದೇಶ ಯಾರಿಗೂ ಇರಲಿಲ್ಲ ಎಂಬುದನ್ನು ಗಮನಿಸಿ. ತಿದ್ದಲು ಹೋದ ಕೈಯೇ ತಪ್ಪು ಮಾಡಿತು. ಗೂಢಲಿಪಿ ತಂತ್ರಾಂಶದ ವಿಶೇಷ ಕಷ್ಟ ಇದು. ಲೆಕ್ಕದ ತಂತ್ರಾಂಶ ಕೆಟ್ಟರೆ ಉತ್ತರ ತಪ್ಪಾಗುತ್ತದೆ, ನಮಗೆ ತಿಳಿಯುತ್ತದೆ. ಗೂಢಲಿಪಿ ಕೆಟ್ಟರೆ ಎಲ್ಲವೂ ಮೊದಲಿನಂತೆಯೇ ನಡೆಯುತ್ತಿರುತ್ತದೆ. ಬಾಗಿಲು ಮುಚ್ಚಿರುತ್ತದೆ, ಬೀಗ ಹೊಳೆಯುತ್ತಿರುತ್ತದೆ. ಕೈಹಾಕಿ ಎಳೆದವನಿಗೆ ಮಾತ್ರ ಅದು ಹಾಕಿಲ್ಲವೆಂದು ಗೊತ್ತಾಗುತ್ತದೆ.

ತೂಕ ನೋಡದ ಅಂಗಡಿ

ಎರಡನೆಯ ಪೆಟ್ಟು ಇನ್ನೂ ದೊಡ್ಡದು. ಎರಡು ಗಣಕಯಂತ್ರಗಳು ಮಾತನಾಡುವಾಗ ನಡುವೆ ಮೌನ ಬಿದ್ದರೆ ಸಂಪರ್ಕ ಇನ್ನೂ ಇದೆಯೇ ಎಂದು ಕೇಳಿ ತಿಳಿಯಬೇಕಾಗುತ್ತದೆ. ಅದಕ್ಕಾಗಿ ಹಾರ್ಟ್‌ಬೀಟ್, ಎಂದರೆ ಎದೆಬಡಿತ, ಎಂಬ ಸೌಕರ್ಯವನ್ನು ಜರ್ಮನಿಯ ಸಂಶೋಧನಾ ವಿದ್ಯಾರ್ಥಿಯೊಬ್ಬರು ಓಪನ್ ಎಸ್‌ಎಸ್‌ಎಲ್‌ಗೆ ಬರೆದುಕೊಟ್ಟರು. ತಂಡದ ಹಿರಿಯರೊಬ್ಬರು ಓದಿ ಒಪ್ಪಿದರು. 2011ರ ಡಿಸೆಂಬರ್ 31ರ ರಾತ್ರಿ ಅದು ಮೂಲ ಬರಹಕ್ಕೆ ಸೇರಿತು. 2012ರ ಮಾರ್ಚ್ 14ರಂದು ಹೊಸ ಆವೃತ್ತಿಯ ಜೊತೆ ಜಗತ್ತಿಗೆ ಹೋಯಿತು.

ಅದರಲ್ಲಿದ್ದ ತಪ್ಪನ್ನು ಹೀಗೆ ತಿಳಿಯಬಹುದು. ನೀವು ಅಂಗಡಿಯವನ ಬಳಿ ಒಂದು ಸೇರು ಜೋಳ ಇಟ್ಟು, ಸಂಜೆ ಹಿಂದಕ್ಕೆ ಕೊಡು ಎನ್ನುತ್ತೀರಿ. ಚೀಟಿಯ ಮೇಲೆ ಮಾತ್ರ 64 ಸೇರು ಎಂದು ಬರೆಯುತ್ತೀರಿ. ಅಂಗಡಿಯವನು ಚೀಲವನ್ನು ತೂಗುವುದಿಲ್ಲ. ಸಂಜೆ ಚೀಟಿ ನೋಡಿ ನಿಮ್ಮ ಒಂದು ಸೇರನ್ನೂ, ಪಕ್ಕದಲ್ಲಿದ್ದ ಇತರರ ಚೀಲಗಳಿಂದ 63 ಸೇರನ್ನೂ ಅಳೆದು ಕೊಟ್ಟುಬಿಡುತ್ತಾನೆ. ಓಪನ್ ಎಸ್‌ಎಸ್‌ಎಲ್ ಮಾಡಿದ್ದೂ ಇದನ್ನೇ. ಒಂದು ಪದ ಕಳಿಸಿ, ಇದರ ಉದ್ದ 64 ಸಾವಿರ ಅಕ್ಷರ, ಹಾಗೆಯೇ ಹಿಂದಕ್ಕೆ ಕಳಿಸು ಎಂದರೆ, ಉದ್ದವನ್ನು ತಾಳೆ ನೋಡದೆ ತನ್ನ ನೆನಪಿನ ಕೋಶದಲ್ಲಿ ಪಕ್ಕಕ್ಕಿದ್ದುದನ್ನೆಲ್ಲ ಸೇರಿಸಿ ಕಳಿಸುತ್ತಿತ್ತು. ಅದರಲ್ಲಿ ಬೇರೆಯವರ ಗುಪ್ತಪದ ಇರಬಹುದು, ಆ ಜಾಲತಾಣದ ಗುಟ್ಟಿನ ಕೀಲಿಯೇ ಇರಬಹುದು. ಕೇಳಿದವರ ಗುರುತೂ ಸಾಮಾನ್ಯವಾಗಿ ಉಳಿಯುತ್ತಿರಲಿಲ್ಲ.

2014ರಲ್ಲಿ ಗೂಗಲ್ ಸಂಸ್ಥೆಯ ನೀಲ್ ಮೆಹ್ತಾ ಮತ್ತು ಫಿನ್ಲೆಂಡಿನ ಕೋಡೆನಾಮಿಕಾನ್ ಸಂಸ್ಥೆಯ ತಂತ್ರಜ್ಞರು ಬೇರೆಬೇರೆಯಾಗಿಯೇ ಇದನ್ನು ಕಂಡುಹಿಡಿದರು. ಏಪ್ರಿಲ್ 7ರಂದು ದೋಷವೂ ಅದರ ಪರಿಹಾರವೂ ಒಟ್ಟಿಗೆ ಪ್ರಕಟವಾದವು. ಹಾರ್ಟ್‌ಬ್ಲೀಡ್, ರಕ್ತ ಸೋರುವ ಹೃದಯ, ಎಂಬ ಹೆಸರು ಅದಕ್ಕೆ ಅಂಟಿತು. ಸುರಕ್ಷಿತವೆಂದು ಪ್ರಮಾಣಪತ್ರ ಪಡೆದ ಜಾಲತಾಣಗಳಲ್ಲಿ ಶೇಕಡಾ 17.5ರಷ್ಟು, ಅಂದರೆ ಸುಮಾರು 5 ಲಕ್ಷ ತಾಣಗಳು, ಅಪಾಯದಲ್ಲಿದ್ದವೆಂದು ನೆಟ್‌ಕ್ರಾಫ್ಟ್ ಸಂಸ್ಥೆ ಅಂದಾಜು ಮಾಡಿತು. ಕೆನಡಾದ ಕಂದಾಯ ಇಲಾಖೆಯಲ್ಲಿ ಸುಮಾರು 900 ಜನರ ಗುರುತಿನ ಸಂಖ್ಯೆಗಳು ಕಳುವಾದವು.

ಪರಿಹಾರ ಎಷ್ಟು ದೊಡ್ಡದಿತ್ತು? ಕೆಲವೇ ಸಾಲು. ಹೇಳಿದ ಉದ್ದಕ್ಕೂ ನಿಜವಾಗಿ ಬಂದ ಉದ್ದಕ್ಕೂ ತಾಳೆಯಾಗದಿದ್ದರೆ ಉತ್ತರ ಕೊಡಬೇಡ ಎಂಬ ಒಂದು ಪರೀಕ್ಷೆ. ಚೀಲವನ್ನು ಕಾಟಾದ ಮೇಲಿಟ್ಟು ನೋಡು ಎಂದಷ್ಟೇ ಅದರ ಅರ್ಥ. ಆದರೆ ಆ ಸಾಲುಗಳನ್ನು ಬರೆದ ಮೇಲೆ ಜಗತ್ತಿನ ಲಕ್ಷಾಂತರ ಯಂತ್ರಗಳಿಗೆ ಹೊಸ ಆವೃತ್ತಿ ಮುಟ್ಟಬೇಕು, ಕೀಲಿಗಳು ಬದಲಾಗಬೇಕು, ಜನ ಗುಪ್ತಪದ ಬದಲಿಸಬೇಕು. ರಿಪೇರಿ ಎಂದರೆ ಇಷ್ಟೆಲ್ಲ.

ಒಬ್ಬನೇ ಕಾವಲುಗಾರ

ಆಗ ಜಗತ್ತು ಮೊದಲ ಬಾರಿಗೆ ಒಂದು ಪ್ರಶ್ನೆ ಕೇಳಿತು: ಇಷ್ಟು ಮುಖ್ಯವಾದ ಬೀಗವನ್ನು ಕಾಯುತ್ತಿದ್ದವರು ಎಷ್ಟು ಮಂದಿ? ಉತ್ತರ ಕೇಳಿ ಎಲ್ಲರೂ ಬೆರಗಾದರು. ಓಪನ್ ಎಸ್‌ಎಸ್‌ಎಲ್‌ಗೆ ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ. ಉಳಿದವರು ತಮ್ಮ ಬೇರೆ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬರುತ್ತಿದ್ದರು. ಅದರ ಹಣಕಾಸು ನೋಡುತ್ತಿದ್ದ ಸ್ಟೀವ್ ಮಾರ್ಕ್ವೆಸ್, ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಎಂದು ತಿಳಿಸಿದರು. ಕೋಟಿಗಟ್ಟಲೆ ವ್ಯವಹಾರ ಮಾಡುವ ಕಂಪನಿಗಳು ಬೀಗವನ್ನು ಪುಕ್ಕಟೆ ಪಡೆದಿದ್ದವು. ಬೀಗ ಕಾಯುವವನ ಊಟ ಯಾರೂ ವಿಚಾರಿಸಿರಲಿಲ್ಲ.

ಗ್ನೂಪಿಜಿಯ ವೆರ್ನರ್ ಕೋಖ್ ಅವರ ಕಥೆಯೂ ಇಂತಹುದೇ. 2001ರಿಂದ ಅವರಿಗೆ ಈ ಕೆಲಸದಿಂದ ಬಂದ ಆದಾಯ ವರ್ಷಕ್ಕೆ ಸರಾಸರಿ 25,000 ಡಾಲರ್. ಆ ದೇಶದಲ್ಲಿ ಅವರಂತಹ ತಂತ್ರಜ್ಞರಿಗೆ ಸಿಗುವುದಕ್ಕಿಂತ ಬಹಳ ಕಡಿಮೆ. 2013ರ ಹೊತ್ತಿಗೆ ಕೈಬಿಡಬೇಕೆಂದಿದ್ದರು. ಅದೇ ವರ್ಷ ಎಡ್ವರ್ಡ್ ಸ್ನೋಡೆನ್ ಅಮೆರಿಕದ ಗೂಢಚರ್ಯೆಯ ದಾಖಲೆಗಳನ್ನು ಪತ್ರಕರ್ತರಿಗೆ ಮುಟ್ಟಿಸಲು ಇಂತಹ ಗೂಢಲಿಪಿಯನ್ನೇ ನೆಚ್ಚಿಕೊಂಡರು. ಇದು ಬಿಡುವ ಕಾಲವಲ್ಲ ಎಂದು ಕೋಖ್ ಮುಂದುವರಿದರು. 2015ರ ಫೆಬ್ರುವರಿಯಲ್ಲಿ ಅವರ ಪರಿಸ್ಥಿತಿ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಜನರಿಂದಲೂ ಕಂಪನಿಗಳಿಂದಲೂ ನೆರವು ಹರಿದುಬಂತು.

ಹಾರ್ಟ್‌ಬ್ಲೀಡ್ ಆದ ತಿಂಗಳೊಳಗೆ ದೊಡ್ಡ ಕಂಪನಿಗಳು ಸೇರಿ ಒಂದು ನಿಧಿ ಆರಂಭಿಸಿದವು. ಓಪನ್ ಎಸ್‌ಎಸ್‌ಎಲ್‌ಗೆ ಪೂರ್ಣಾವಧಿಯ ಕೆಲಸಗಾರರು ಬಂದರು. ಇತ್ತ ಓಪನ್ ಬಿಎಸ್‌ಡಿ ತಂಡದವರು ಅದರ ಪ್ರತಿಯೊಂದನ್ನು ತೆಗೆದುಕೊಂಡು, ಮೊದಲ ವಾರದಲ್ಲೇ 90,000ಕ್ಕೂ ಹೆಚ್ಚು ಬೇಡದ ಸಾಲುಗಳನ್ನು ಕಿತ್ತುಹಾಕಿ, ಲಿಬ್ರೆ ಎಸ್‌ಎಸ್‌ಎಲ್ ಎಂಬ ಬೇರೆ ತಂತ್ರಾಂಶವನ್ನೇ ಕಟ್ಟತೊಡಗಿದರು. ಮೂಲ ಬರಹ ತೆರೆದಿದ್ದುದರಿಂದಲೇ ಇದು ಸಾಧ್ಯವಾಯಿತು.

ಆದರೂ ಪಾಠ ಪೂರ್ತಿ ಕಲಿತಂತಾಗಲಿಲ್ಲ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಒಂದು ಆತಂಕದ ಸುದ್ದಿಯನ್ನು ಪ್ರಕಟಿಸಿದರು. ತಮ್ಮ ಯಂತ್ರಕ್ಕೆ ದೂರದಿಂದ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದ್ದುದನ್ನು ಅವರು ಗಮನಿಸಿದ್ದರು. ಏಕೆಂದು ಬೆನ್ನುಹತ್ತಿ ಹೋದಾಗ, ಎಕ್ಸ್‌ಜೆಡ್ ಎಂಬ ಚಿಕ್ಕ ಮುಕ್ತ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದು ಬೆಳಕಿಗೆ ಬಂತು. ಅದನ್ನು ಕಾಪಾಡುತ್ತಿದ್ದವರು ಹೆಚ್ಚುಕಡಿಮೆ ಒಬ್ಬರೇ; ದಣಿದಿದ್ದರು. ಎರಡು ವರ್ಷಕ್ಕೂ ಹೆಚ್ಚು ಕಾಲ ಸಹಾಯಕನಂತೆ ನಡೆದುಕೊಂಡು ಅವರ ನಂಬಿಕೆ ಗಳಿಸಿದ ಅಪರಿಚಿತನೊಬ್ಬ ಈ ಕೆಲಸ ಮಾಡಿದ್ದ. ಅರ್ಧ ಸೆಕೆಂಡನ್ನು ಒಬ್ಬರು ಅಲಕ್ಷಿಸಿದ್ದರೆ ಲೆಕ್ಕವಿಲ್ಲದಷ್ಟು ಯಂತ್ರಗಳ ಬಾಗಿಲು ಒಬ್ಬನ ಕೈಗೆ ಹೋಗುತ್ತಿತ್ತು. ಒಂಟಿಯಾಗಿ ದಣಿದ ಕಾವಲುಗಾರನೇ ಬೀಗದ ದುರ್ಬಲ ಭಾಗ ಎಂಬುದನ್ನು ಆ ಅಪರಿಚಿತ ಚೆನ್ನಾಗಿ ಅರಿತಿದ್ದ.

ಕೆರೆ ಕಟ್ಟಿದವರು, ಕೆರೆ ಕಾದವರು

ಈ ಸಮಸ್ಯೆ ನಮ್ಮ ನಾಡಿಗೆ ಹೊಸದೇ? ಸಮೀರವಾಡಿಯ ಸೀಮೆಗೆ ಮತ್ತೆ ಬನ್ನಿ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ನದಿಗೆ ಅಡ್ಡಲಾಗಿ ಒಂದು ಬ್ಯಾರೇಜು ಇದೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ ಹಾಕಿ, ಶ್ರಮ ಹಾಕಿ ಕಟ್ಟಿದ್ದು ಅದು. ಅದರ ಹೆಸರೇ ಶ್ರಮಬಿಂದು ಸಾಗರ. ಜನ ಅವರನ್ನು ಬ್ಯಾರೇಜ್ ಸಿದ್ದು ಎಂದೇ ಕರೆದರು. 1991ರಲ್ಲಿ ಲೋಕಸಭೆಗೆ ಆರಿಸಿ ಕಳಿಸಿದರು. 2018ರಲ್ಲಿ ಅವರು ತೀರಿಕೊಂಡರು. ಯಾರದೋ ಅಪ್ಪಣೆಗೆ ಕಾಯದೆ ಎಲ್ಲರಿಗೂ ಬೇಕಾದುದನ್ನು ಎಲ್ಲರೂ ಸೇರಿ ಕಟ್ಟುವುದು ಮುಕ್ತ ತಂತ್ರಾಂಶದ ಹುಟ್ಟಿನ ಗುಣವೂ ಹೌದು.

ಆದರೆ ಯಾವ ಒಡ್ಡನ್ನೇ ಆಗಲಿ, ಕಟ್ಟಿದ ದಿನ ಕೆಲಸ ಮುಗಿಯುವುದಿಲ್ಲ. ಗೇಟು ನೋಡಬೇಕು, ಬಿರುಕು ಮುಚ್ಚಬೇಕು, ಪ್ರವಾಹ ಬಂದು ಹೋದ ಮೇಲೆ ಮತ್ತೆ ಪರೀಕ್ಷಿಸಬೇಕು. ಕಟ್ಟುವಾಗ ಸೇರಿದ ಜನಸ್ತೋಮ ಈ ಕೆಲಸಕ್ಕೆ ಬರುವುದಿಲ್ಲ, ಛಾಯಾಚಿತ್ರವೂ ತೆಗೆಯುವುದಿಲ್ಲ.

ನಮ್ಮ ಹಿಂದಿನವರು ಇದನ್ನು ಅರಿತಿದ್ದರು. ಕರ್ನಾಟಕದ ಶಾಸನಗಳನ್ನು ಓದಿದರೆ ಕೆರೆ ಕಟ್ಟಿಸಿದವರ ಹೆಸರಿನ ಜೊತೆಗೆ ಇನ್ನೊಂದು ಸಂಗತಿ ಮತ್ತೆ ಮತ್ತೆ ಬರುತ್ತದೆ. ಕೆರೆಯ ಪಾಲನೆಗೆಂದು ಬಿಟ್ಟ ಭೂಮಿ ಮತ್ತು ಆದಾಯ ಅದು. ಕಟ್ಟುಕೊಡಗೆ, ಬಿತ್ತುವಟ್ಟ, ದಶವಂದ ಎಂಬ ಮಾತುಗಳು ಇಂತಹ ಏರ್ಪಾಡುಗಳಿಗೆ ಸಂಬಂಧಿಸಿದವು. ಹೂಳು ತೆಗೆದು ಏರಿಗೆ ಮಣ್ಣು ಹಾಕುವ ಬಂಡಿಯನ್ನು ನಡೆಸಲು ಭೂಮಿ ಬಿಟ್ಟದ್ದೂ ಉಂಟು. ದಾನ ಮಾಡುವುದಕ್ಕಿಂತ ದಾನವನ್ನು ಕಾಪಾಡುವುದು ಹೆಚ್ಚಿನ ಪುಣ್ಯ ಎಂಬ ಅಭಿಪ್ರಾಯವನ್ನು ಎಷ್ಟೋ ಶಾಸನಗಳು ತಮ್ಮ ಕೊನೆಯಲ್ಲಿ ಸಾರುತ್ತವೆ. ಕಟ್ಟಿದವನಿಗೆ ಕೀರ್ತಿ, ಕಾದವನಿಗೆ ಭೂಮಿ. ಕೀರ್ತಿಯಿಂದ ಹೊಟ್ಟೆ ತುಂಬದು ಎಂದು ತಿಳಿದೇ ಮಾಡಿದ ಏರ್ಪಾಡು ಇದು. ಓಪನ್ ಎಸ್‌ಎಸ್‌ಎಲ್ ಎಂಬ ಕೆರೆಯಿಂದ ಜಗತ್ತೆಲ್ಲ ನೀರು ಹಾಯಿಸಿಕೊಂಡಿತು; 2014ರವರೆಗೆ ಅದಕ್ಕೆ ಕಟ್ಟುಕೊಡಗೆ ಇರಲಿಲ್ಲ.

ಬೆಂಗಳೂರಿನಲ್ಲಿ ಈ ಅರಿವು ಕ್ರಮೇಣ ಬೆಳೆದಿದೆ. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂಬ ಸಮ್ಮೇಳನ ಅಲ್ಲಿ ಆರಂಭವಾಯಿತು. ಮುಂದೆ ಅದು ಫಾಸ್ ಡಾಟ್ ಇನ್ ಎಂದು ಹೆಸರಾಯಿತು. ಬರೀ ಬಳಸಿದರೆ ಸಾಲದು, ಹಿಂದಕ್ಕೆ ಕೊಡಿ ಎಂಬುದು ಅದನ್ನು ಮುನ್ನಡೆಸಿದ ಅತುಲ್ ಚಿಟ್ನಿಸ್ ಅವರ ಒತ್ತಾಯವಾಗಿತ್ತು. ಅವರು 2013ರಲ್ಲಿ ನಿಧನರಾದರು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಜೆರೋಧಾ ಸಂಸ್ಥೆ ಮುಕ್ತ ತಂತ್ರಾಂಶಗಳ ಪೋಷಣೆಗಾಗಿ ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿಯನ್ನು ಘೋಷಿಸಿತು. ನೀರು ಉಂಡವರು ಏರಿಗೆ ಮಣ್ಣು ಹಾಕಬೇಕೆಂಬ ಹಳೆಯ ನ್ಯಾಯವೇ ಇಲ್ಲಿ ಹೊಸ ರೂಪದಲ್ಲಿ ಬಂದಿದೆ ಎನ್ನಬಹುದು.

ನಿಮ್ಮ ಪಾಲಿನ ಕೆಲಸ

ಬೀಗ ಕಾಯುವ ಕೆಲಸ ಮುಗಿಯುವಂತಹುದಲ್ಲ. ಕ್ವಾಂಟಮ್ ಗಣಕಯಂತ್ರ ಸಾಕಷ್ಟು ದೊಡ್ಡದಾಗಿ ಬೆಳೆದರೆ ಆರ್‌ಎಸ್‌ಎ ವಿಧಾನವನ್ನು ಮುರಿಯಬಲ್ಲದೆಂದು 1994ರಲ್ಲೇ ಪೀಟರ್ ಶೋರ್ ತೋರಿಸಿದ್ದಾರೆ. ಅಂತಹ ಯಂತ್ರ ಬರುವ ಮೊದಲೇ ಬೀಗ ಬದಲಾಗಬೇಕಲ್ಲವೆ? 2024ರ ಆಗಸ್ಟಿನಲ್ಲಿ ಅಮೆರಿಕದ ಮಾನಕ ಸಂಸ್ಥೆ ಅದಕ್ಕೆ ತಕ್ಕ ಮೂರು ಹೊಸ ವಿಧಾನಗಳನ್ನು ಅಂಗೀಕರಿಸಿತು. 2025ರ ಏಪ್ರಿಲಿನಲ್ಲಿ ಹೊರಬಂದ ಓಪನ್ ಎಸ್‌ಎಸ್‌ಎಲ್ 3.5 ಆವೃತ್ತಿಯಲ್ಲಿ ಅವು ಸೇರಿವೆ. ಅವುಗಳಲ್ಲೂ ದೋಷ ಇಣುಕಬಹುದು. ಅವನ್ನೂ ಯಾರಾದರೂ ಓದಬೇಕು, ತಿದ್ದಬೇಕು.

ಆ ಯಾರಾದರೂ ನೀವೇ ಏಕಾಗಬಾರದು? ಇದಕ್ಕೆ ದೊಡ್ಡ ನಗರವೇ ಬೇಕೆಂದಿಲ್ಲ. ಮೂಲ ಬರಹ ತೆರೆದಿದೆ. ಜಮಖಂಡಿಯ ಕಾಲೇಜಿನ ಗಣಕ ಕೊಠಡಿಯಲ್ಲಿ ಕುಳಿತವರಿಗೂ ಬೋಸ್ಟನ್ನಿನಲ್ಲಿ ಕುಳಿತವರಿಗೂ ಅದೇ ಸಾಲುಗಳು ಕಾಣುತ್ತವೆ. ಬೇಕಾದದ್ದು ಗಣಿತದ ತಳಹದಿ, ಸಿ ಭಾಷೆಯಂತಹ ಒಂದು ಕ್ರಮವಿಧಿ ಭಾಷೆ, ಎಲ್ಲಕ್ಕಿಂತ ಮಿಗಿಲಾಗಿ ತಾಳ್ಮೆ. ಮೊದಲ ದಿನವೇ ಬೀಗ ಬಿಚ್ಚಲು ಹೋಗಬೇಡಿ. ಡೆಬಿಯನ್ನಿನ ಕಥೆ ನೆನಪಿರಲಿ. ಮೊದಲು ಓದಿ. ಬಳಕೆಯ ಸೂಚನೆಗಳಲ್ಲಿನ ತಪ್ಪು ತಿದ್ದಿ. ಪರೀಕ್ಷೆಗಳನ್ನು ಬರೆಯಿರಿ. ಒಂದು ಸಾಲು ಏಕಿದೆ ಎಂದು ತಿಳಿಯುವವರೆಗೆ ಅದನ್ನು ಅಳಿಸಬೇಡಿ. ಅಪಾಯಕಾರಿ ದೋಷ ಕಣ್ಣಿಗೆ ಬಿದ್ದರೆ ಬಯಲಲ್ಲಿ ಸಾರದೆ ಕಾಪಾಡುವವರಿಗೆ ಗುಟ್ಟಾಗಿ ತಿಳಿಸಿ, ಅವರು ತಿದ್ದುವಷ್ಟು ಕಾಲ ಕೊಡಿ. ಇದು ಈ ಕ್ಷೇತ್ರದ ಮರ್ಯಾದೆ.

ಕ್ರಮವಿಧಿ ಬರೆಯದವರಿಗೂ ಪಾಲುಂಟು. ನಿಮ್ಮ ಮೊಬೈಲು ಹೊಸ ಆವೃತ್ತಿ ಬಂದಿದೆ ಎಂದು ಹೇಳಿದಾಗ ನಾಳೆ ನೋಡೋಣ ಎಂದು ಮುಂದೂಡುತ್ತೀರಲ್ಲ, ಅದರೊಳಗೆ ಇಂತಹ ಯಾವುದೋ ದೋಷದ ರಿಪೇರಿ ಇರಬಹುದು. ಹಾರ್ಟ್‌ಬ್ಲೀಡ್‌ಗೆ ಮದ್ದು ಬಂದ ದಿನವೇ ಎಲ್ಲ ಕಡೆ ಗುಣವಾಗಲಿಲ್ಲ; ಮದ್ದನ್ನು ಹಚ್ಚಿಕೊಂಡ ಕಡೆ ಮಾತ್ರ ಗುಣವಾಯಿತು. ಮನೆಯ ಹಿರಿಯರ ಮೊಬೈಲನ್ನೂ ಒಮ್ಮೆ ತೆಗೆದು ನೋಡಿ.

ಮುಂದಿನ ಹಂಗಾಮಿನಲ್ಲಿ ಕಾಟಾದ ಎದುರು ಟ್ರ್ಯಾಕ್ಟರುಗಳು ಸಾಲುಗಟ್ಟಿದಾಗ ಒಂದು ಕ್ಷಣ ನಿಂತು ಯೋಚಿಸಿ. ತೂಕ ಸರಿಯಾಗಿ ಬಂದ ದಿನ ಕಾಟಾವನ್ನು ಸರಿಯಾಗಿ ಇಟ್ಟವನನ್ನು ಯಾರೂ ನೆನೆಯುವುದಿಲ್ಲ. ಇಂದು ನಿಮ್ಮ ಮನೆಯವರ ಖಾತೆಗೆ ಹಣ ಸುರಕ್ಷಿತವಾಗಿ ಬಂದು ತಲುಪಿದ್ದರೆ, ಅದರ ಹಿಂದೆ ಕೂಡ ನೀವು ಹೆಸರು ಕೇಳದ ಯಾರೋ ಒಬ್ಬರು ಕುಳಿತು, ಒಂದು ಸಾಲನ್ನು ಎರಡನೆಯ ಸಲ ಓದಿದ್ದಾರೆ.